ಸಹಾಯ ಬೇಕು: ಬರೆಯಲು ಬಾರದ ಸೇವಕರಿಗೆ ಬೈಬಲ್ ಪರೀಕ್ಷೆ ಹೇಗೆ ಮಾಡೋದು?

ಎಲ್ಲರಿಗೂ ವಂದನೆಗಳು. ನಾನು ಸೆಮಿನರಿಯಲ್ಲಿ (ಪಾದ್ರಿಗಳನ್ನು ತಯಾರು ಮಾಡುವ ಬೈಬಲ್ ಕಾಲೇಜಿನಲ್ಲಿ) ಓದಿದವನು. ಈಗ ಸ್ಲಮ್‌ಗಳಲ್ಲಿ ಕ್ರೈಸ್ತ ಸೇವೆ ಮಾಡುವ ಒಂಬತ್ತು ಜನಕ್ಕೆ ವಾರದಲ್ಲಿ ಎರಡು ಸಂಜೆ ಪಾಠ ಮಾಡುತ್ತೇನೆ. ಎಲ್ಲರೂ ಕೂಲಿ ಮುಗಿಸಿ ಬರುವವರು, ಹಾಸ್ಟೆಲ್‌ನಲ್ಲಿ ಮೂರು ವರ್ಷ ಕೂತು ಓದಿ ಅಂದರೆ ಆಗೋ ಮಾತಲ್ಲ, ಮನೆ ನಡೀಬೇಕಲ್ವಾ.

ಮೊನ್ನೆ ಬೈಬಲಿನಲ್ಲಿ ರೂತ್ ಎಂಬ ಬಡ ವಿಧವೆ ಬೋವಜನ ಹೊಲದಲ್ಲಿ ಹಕ್ಕಲಾಯುವ (ಕೊಯ್ಲಿನಲ್ಲಿ ಉಳಿದ ತೆನೆ ಆಯುವ) ಭಾಗ ತೆಗೆದುಕೊಂಡಿದ್ದೆ. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡಬೇಕು ಅನ್ನುವ ಯಾಜಕಕಾಂಡ 19ರ ನಿಯಮ ವಿವರಿಸುತ್ತಾ ಬೋರ್ಡ್ ತುಂಬ ಬರೆದೆ. ಹಿಂದೆ ಕೂತಿದ್ದ ಚಿಂದಿ ಆಯುವ ಅಕ್ಕ ಒಬ್ಬರು, "ಬ್ರದರ್, ಆಯೋಕೆ ಹೋದಾಗ ನಮ್ಮ ಭಯ ಗಂಡಸರದ್ದು, ಅದಕ್ಕೇ ಬೋವಜ ಆಳುಗಳಿಗೆ ಅವಳನ್ನು ಮುಟ್ಟಬೇಡಿ ಅಂತ ಹೇಳಿಟ್ಟಿದ್ದು" ಅಂದರು. ರೂತಳ ಪುಸ್ತಕ, ಎರಡನೇ ಅಧ್ಯಾಯದ 9ನೇ ವಚನ. ಎಷ್ಟು ಸಲ ಓದಿದ್ದೆನೋ, ಅಲ್ಲಿ ನಿಂತಿರಲೇ ಇಲ್ಲ.

ಇದೇ ಅಕ್ಕ ನಮ್ಮ ಕೋರ್ಸಿನ ಬರವಣಿಗೆ ಪರೀಕ್ಷೆಯಲ್ಲಿ ಫೇಲ್! ನನಗಂತೂ ಇದು ಸರಿ ಕಾಣಲ್ಲ.

1963ರಲ್ಲಿ ಗ್ವಾಟೆಮಾಲಾದ ಒಂದು ಸೆಮಿನರಿ ವಿದ್ಯಾರ್ಥಿಗಳನ್ನು ಕರೆಸುವ ಬದಲು ಅಧ್ಯಾಪಕರನ್ನೇ ಅವರಿದ್ದಲ್ಲಿಗೆ ಕಳಿಸಿತು, ಟಿಇಇ (ಥಿಯಾಲಜಿಕಲ್ ಎಜುಕೇಶನ್ ಬೈ ಎಕ್ಸ್ಟೆನ್ಶನ್, ಅಂದರೆ ಸೇವಕರು ತಮ್ಮ ಊರಲ್ಲೇ ಇದ್ದು ಬೈಬಲ್ ಕಲಿಯುವ ಪದ್ಧತಿ) ಶುರುವಾಗಿದ್ದು ಹಾಗೆ. ಒಳ್ಳೇದೇ, ಆದರೆ ಅದರಲ್ಲೂ ಮನೆಯಲ್ಲಿ ಪಾಠಪುಸ್ತಕ ಓದಿಕೊಂಡು ಬರಬೇಕು.

ಬಾಯಿಮಾತಿನ ಪರೀಕ್ಷೆ ನಡೆಸಿದವರು ಯಾರಾದರೂ ಇದ್ದೀರಾ? ಅಂಕ ಹೇಗೆ ಕೊಟ್ಟಿರಿ, ಕಾಲೇಜಿನವರನ್ನು ಹೇಗೆ ಒಪ್ಪಿಸಿದಿರಿ? ಸುಲಭ ಕನ್ನಡದ ಆಡಿಯೋ ಪಾಠಗಳಿದ್ದರೂ ತಿಳಿಸಿ. ಸುಮ್ನೆ "ಪ್ರಾರ್ಥನೆ ಮಾಡ್ತೀವಿ" ಅಂತ ಬರೆದು ಹೋಗಬೇಡಿ, ಪ್ಲೀಸ್. ಮುಂದಿನ ತಿಂಗಳೇ ಮರುಪರೀಕ್ಷೆ ಇದೆ.