ಅಪ್‌ಡೇಟ್: ಕುಬಸದ ಚೀಲದ ಲೆಕ್ಕ ಮುಗೀತು, ಆದ್ರ ಅವ್ವ ಒಪ್ಪಲಿಲ್ಲ

ಹೋದ ವಾರ ಕೇಳಿದ್ದೆ: ತಂಗಿ ಕುಬಸಕ್ಕ (ಸೀಮಂತಕ್ಕ) 84 ಗುಳೇದಗುಡ್ಡ ಖಣ (ರವಿಕೆ ಬಟ್ಟಿ), 127 ತುಂಡು ಅಮೀನಗಡ ಕರದಂಟು ಅದಾವ. ಏನೂ ಉಳೀದಂಗ ಸಮನಾಗಿ ಎಷ್ಟು ಚೀಲ ಮಾಡಬಹುದು?

"127 ಅವಿಭಾಜ್ಯ ಸಂಖ್ಯೆ, 1 ಮತ್ತ 127 ಬಿಟ್ರ ಯಾವುದರಿಂದಲೂ ಸಮ ಹೋಗಂಗಿಲ್ಲ, ಒಂದು ತಿಂದುಬಿಡ್ರಿ" ಅಂತ ಒಬ್ರು ಹೇಳಿದ್ರು. ನಂಬದ ನಾನೇ ಭಾಗಿಸಿ ನೋಡಿದೆ. 2, 3, 5, 7, 11 ಯಾವುದರಿಂದಲೂ ಹೋಗಲಿಲ್ಲ. 13ರ ವರ್ಗ 169, ಅದು 127ನ್ನ ದಾಟತೈತಿ, ಮುಂದ ನೋಡೋದ ಬ್ಯಾಡ. ತಿಂದೆ. ಉಳಿದದ್ದು 126.

ಇನ್ನೊಬ್ರು ಹೇಳಿದ ಯೂಕ್ಲಿಡ್‌ ಪದ್ಧತಿ ಭಾಳ ಹಿಡಿಸಿತು. 126ರಾಗ 84 ಕಳೆದ್ರ 42. 84ನ್ನ 42ರಿಂದ ಭಾಗಿಸಿದ್ರ ಶೇಷ ಸೊನ್ನೆ. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದ್ರ ಎರಡನ್ನೂ ಶೇಷ ಇಲ್ಲದ ಭಾಗಿಸೋ ಎಲ್ಲಕ್ಕಿಂತ ದೊಡ್ಡ ಸಂಖ್ಯೆ) 42, ಮುಗೀತು! ಸಾಲ್ಯಾಗ ನಾವು ಅಪವರ್ತನ ಬಿಡಿಸಿ, 84 = 2×2×3×7, 126 = 2×3×3×7 ಅಂತ ಬರದು, ಎರಡರಾಗೂ ಇರೋ 2×3×7 ಹುಡುಕ್ತಿದ್ವಿ. ಉತ್ತರ ಅದ, ಹಾಳಿ ಜಾಸ್ತಿ.

42 ಚೀಲ, ಒಂದೊಂದಕ್ಕ 2 ಖಣ, 3 ಕರದಂಟು. ಹತ್ತು ಚೀಲ ತುಂಬಿದ ಮ್ಯಾಲೆ ಅವ್ವ ಬಂದು ನೋಡಿದ್ಲು. "ಮುತ್ತೈದೇರಿಗೆ ಮೂರು ಕೊಡ್ತಾರೇನ? ತಗಿ ಎಲ್ಲಾ!"

21 ಚೀಲ ಮಾಡಿದ್ರ 4 ಖಣ, 6 ಕರದಂಟು, ಆದ್ರ ಮಂದಿ 40. ಕಡೀಕ ಚೀಲಕ್ಕ ನಾಕರಂಗ 168 ತುಂಡು ಬೇಕಾತು, ಇನ್ನೂ 42 ತಂದ್ವಿ. ಅವತ್ತ ಆ ಒಂದನ್ನ ತಿನ್ನದಿದ್ರ 41 ಸಾಕಿತ್ತು. (ಅದೂ ಅವಿಭಾಜ್ಯನ!)

ಉಳಿದ ಎರಡು ಚೀಲ ಬಾಜು ಮನಿಯವ್ರಿಗೆ ಕೊಟ್ವಿ.