ಪದಚರ್ಚೆ: ‘ಪಾಡಶೇಖರ’ಕ್ಕೆ ‘ಬೈಲು’ ಎಂದರೆ ಸಾಕೇ?

ಬಳಗದವರಿಗೆ ನಮಸ್ಕಾರ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನ ನಮ್ಮೂರಿನಲ್ಲಿ ಭತ್ತ ಬೆಳೆಯುವವರೆಲ್ಲ ಸೇರಿ ಮಲಯಾಳದಲ್ಲಿ ಒಂದು ನಿಯಮಾವಳಿ ಬರೆದಿದ್ದಾರೆ. ತೋಡಿಗೆ (ಸಣ್ಣ ಹೊಳೆಗೆ) ಕಟ್ಟ, ಅಂದರೆ ಕಲ್ಲುಮಣ್ಣಿನ ಒಡ್ಡು, ಹಾಕುವುದು ಯಾವಾಗ, ಗದ್ದೆಗಳಿಗೆ ನೀರು ಬಿಡುವ ಸರದಿ ಹೇಗೆ, ಗುಡ್ಡೆಯಿಂದ ಎಷ್ಟು ಸೊಪ್ಪು ಕಡಿಯಬಹುದು, ಇಂಥವೇ ವಿಷಯಗಳು. ಕನ್ನಡ ಮಾತ್ರ ಓದಬಲ್ಲ ಹಿರಿಯರು ಬಹಳ ಮಂದಿ ಇರುವುದರಿಂದ ಅದನ್ನು ಕನ್ನಡಕ್ಕೆ ತರುವ ಕೆಲಸ ನಿವೃತ್ತ ಮಾಷ್ಟ್ರಾದ ನನ್ನ ತಲೆಗೆ ಬಂತು. ನಾಲ್ಕು ಪುಟ, ಒಂದು ಸಂಜೆಗೆ ಮುಗಿದೀತು ಎಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ ಮೂರು ದಿನ ಕೂತೆ.

ಆ ಸಾಲಿನಲ್ಲಿರುವುದು ‘ಪಾಡಶೇಖರ ಸಮಿತಿ’. ಮಲಯಾಳದಲ್ಲಿ ಪಾಡಂ ಎಂದರೆ ಭತ್ತದ ಗದ್ದೆ. ಒಂದಕ್ಕೊಂದು ತಾಗಿಕೊಂಡಿರುವ ಗದ್ದೆಗಳ ಸಮೂಹ ಪಾಡಶೇಖರ. ಭತ್ತದ ಗದ್ದೆ ಮತ್ತು ಜೌಗುಭೂಮಿಗಳ ರಕ್ಷಣೆಗೆ ಕೇರಳ 2008ರಲ್ಲಿ ತಂದ ಕಾಯ್ದೆಯಲ್ಲೂ ಈ ಹೆಸರಿದೆ. ನಮ್ಮ ಕಡೆಯ ಕನ್ನಡ ನೋಟಿಸುಗಳಲ್ಲಿ ಅದನ್ನು ಲಿಪಿ ಬದಲಿಸಿ ಹಾಗೆಯೇ ಇಳಿಸಿಬಿಡುತ್ತಾರೆ. ವಿಟ್ಲದಿಂದ ಬಂದಿದ್ದ ನನ್ನ ಸೋದರಳಿಯ ಮೇಜಿನ ಮೇಲಿದ್ದ ಹಾಳೆ ನೋಡಿ, “ಮಾವ, ಈ ಪಾಡಶೇಖರ ಎಂಬವರು ಯಾರು? ತೀರಿಕೊಂಡವರೇ?” ಎಂದು ಕೇಳಿದ. ಚಂದ್ರಶೇಖರ, ರಾಜಶೇಖರರ ಸಾಲಿನಲ್ಲಿ ಇನ್ನೊಬ್ಬ. ಅವರ ನೆನಪಿಗೆ ಒಂದು ಸಮಿತಿ!

ನನ್ನ ಮೊದಲ ಕರಡಿನಲ್ಲಿ ‘ಕಣಿವೆ ಕೃಷಿಕರ ಸಮಿತಿ’ ಎಂದು ಬರೆದಿದ್ದೆ. ಅದನ್ನು ಓದಿಸಿಕೊಂಡ ಆಚೆಮನೆಯ ಅಜ್ಜಿ, “ನಮ್ಮಲ್ಲಿ ಕಣಿವೆ ಎಲ್ಲಿದೆ ಮಾಷ್ಟ್ರೇ? ಇರುವುದು ಬೈಲಲ್ಲವೇ?” ಎಂದರು. ಪೆಟ್ಟು ಸರಿಯಾದ ಜಾಗಕ್ಕೇ ಬಿತ್ತು. ಕಣಿವೆ ನಾನು ಭೂಗೋಳದ ಪಾಠದಲ್ಲಿ ಕಲಿತು, ಭೂಗೋಳದ ಪಾಠದಲ್ಲೇ ಕಲಿಸಿದ ಪದ. ಊರಿನವರು ಯಾರೂ ಬಾಯಲ್ಲಿ ಆಡಿದ್ದನ್ನು ಕೇಳಿಲ್ಲ.

ಬೈಲಿನ ಅರ್ಥ ಘಟ್ಟದ ಮೇಲಿನವರಿಗೆ ತುಸು ವಿವರಿಸಬೇಕು. ಎರಡು ಗುಡ್ಡೆಗಳ ನಡುವೆ ನೀರು ಬಂದು ನಿಲ್ಲುವ ತಗ್ಗು ಗದ್ದೆಗಳ ಸಾಲು ಬೈಲು; ಅದರ ಮೇಲೆ ಮಜಲು; ಇನ್ನೂ ಮೇಲೆ ಬೆಟ್ಟು. ಬೆಟ್ಟಿನಲ್ಲಿ ಮಳೆಗಾಲದ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಸುಗ್ಗಿ ಎಂಬ ಎರಡನೆಯ ಬೆಳೆಯೂ ಆಗುತ್ತದೆ. ನೀರು ನಿಂತರೆ ಬೈಲಿನಲ್ಲಿ ಬೇಸಿಗೆಯ ಮೂರನೆಯ ಬೆಳೆ ಕೊಳಕೆಯನ್ನೂ ತೆಗೆಯಬಹುದು. ‘ಬಟ್ಟಬಯಲು’, ‘ಬಯಲುಸೀಮೆ’, ‘ಗುಟ್ಟು ಬಯಲಾಯಿತು’ ಎನ್ನುವಾಗ ಮನಸ್ಸಿಗೆ ಬರುವುದು ಮರೆಯಿಲ್ಲದ ಜಾಗ. ನಮ್ಮ ಬೈಲೋ ಗುಡ್ಡೆಗಳ ಮರೆಯಲ್ಲಿ ಒದ್ದೆಯಾಗಿ ಕೂತಿರುತ್ತದೆ. ಮಲಯಾಳ, ತಮಿಳುಗಳ ‘ವಯಲ್’ ಭತ್ತದ ಗದ್ದೆಯೇ. ವಾಯ್–ಬಾಯಿ, ವಯಲ್–ಬಯಲು, ಈ ವ-ಬ ನಂಟು ಎಲ್ಲರಿಗೂ ಗೊತ್ತಿರುವುದೇ. ಆದರೆ ಅರ್ಥದ ದಾರಿಯಲ್ಲಿ ನಮ್ಮ ಬೈಲು ‘ವಯಲ್’ ಜೊತೆಗೇ ಉಳಿಯಿತು. ಉಳಿದ ಕನ್ನಡ ಬೇರೆ ಕಡೆಗೆ ಹೊರಳಿತು. (ಸುಗ್ಗಿ ಕೊಯ್ದ ಗದ್ದೆಯಲ್ಲಿ ರಂಗಸ್ಥಳ ಹಾಕುವ ಕುಂಬಳೆ ಸೀಮೆಯವನಿಗೆ ‘ಬಯಲಾಟ’ದ ಬಯಲು ಯಾವುದು ಎಂದು ಕೇಳಿದರೆ ಏನು ಹೇಳಿಯಾನು?)

ನನಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು ಅರ್ಥ. ‘ಬೈಲಿಗೆಲ್ಲ ಹೇಳಿಕೆ ಆಗಿದೆ’ ಎಂದು ಮದುವೆಮನೆಯವರು ಹೇಳುತ್ತಾರೆ. ಆಮಂತ್ರಣ ಹೋಗಿರುವುದು ಗದ್ದೆಗಲ್ಲ, ಅಲ್ಲಿನ ಮನೆಗಳಿಗೆ. ನೆಲವನ್ನೂ ನೆರೆಕರೆಯನ್ನೂ ಒಂದೇ ಪದ ಹೊತ್ತಿದೆ. ಹೀಗಿರುವಾಗ ‘ಶೇಖರ’ವೂ ಬೇಡ, ‘ಸಮೂಹ’ವೂ ಬೇಡ, ‘ಬೈಲು ಸಮಿತಿ’ ಸಾಲದೇ? ಕಾಯ್ದೆಯ ಪ್ರಕಾರವೂ ಭತ್ತದ ಭೂಮಿ ಎಂದರೆ ಬರೀ ಗದ್ದೆಯಲ್ಲ. ಅದರ ಬದು, ನೀರು ಹೋಗುವ ಚರಂಡಿ, ಕೆರೆ, ಕಾಲುವೆಗಳೂ ಸೇರುತ್ತವೆ. ‘ಗದ್ದೆ’ ಎಂದು ಬರೆದರೆ ಪುಣಿ (ಗದ್ದೆಯ ಬದು), ತೋಡು ಹೊರಗುಳಿಯುತ್ತವೆ. ‘ಬೈಲು’ ಎಂದರೆ ತಾವಾಗಿಯೇ ಒಳಗೆ ಬರುತ್ತವೆ.

‘ತೋಡು’ ಎಂದೆನಲ್ಲ, ಅದೂ ತೊಡಕಿನದೇ. ನಮಗೆ ಅದು ಸಣ್ಣ ಹೊಳೆ. ‘ತೋಡು ನಮ್ಮೆಲ್ಲರದು’ ಎಂಬ ಸಾಲನ್ನು ಮೈಸೂರಿನ ಗೆಳೆಯರೊಬ್ಬರು ಅಗೆಯುವ ಅಪ್ಪಣೆ ಎಂದು ಓದಿ ತಬ್ಬಿಬ್ಬಾದರು. ಮಲಯಾಳದ ‘ಜೈವ ಕೃಷಿ’ಯನ್ನು ಮಾತ್ರ ಮರುಮಾತಿಲ್ಲದೆ ‘ಸಾವಯವ ಕೃಷಿ’ ಮಾಡಿದ್ದೇನೆ.

ಇನ್ನು ನಿಜವಾದ ಕಗ್ಗಂಟು. ಮೂಲದಲ್ಲಿ ತೋಡಿನ ‘ಪರಿಪಾಲನಂ’ ಎಂದಿದೆ. ಮಲಯಾಳದಲ್ಲಿ ಅದು ಜೋಪಾನ, ಆರೈಕೆ. ಕನ್ನಡದಲ್ಲಿ ಪ್ರಜಾಪರಿಪಾಲನೆ, ಆಜ್ಞಾಪರಿಪಾಲನೆಗಳು ಕಿವಿಗೆ ಬಂದು, ಯಾರೋ ಕಿರೀಟ ಧರಿಸಿ ತೋಡನ್ನು ಆಳಿದಂತಾಗುತ್ತದೆ. ‘ನಿರ್ವಹಣೆ’ ಗುತ್ತಿಗೆದಾರರ ಪದ. ‘ಸಂರಕ್ಷಣೆ’ ಬೇಲಿ ಹಾಕಿ ಫಲಕ ನೆಟ್ಟವರದು. ಆ ಕೆಲಸ ನಡೆಯುವ ರೀತಿ ನೋಡಿದರೆ ಎರಡೂ ಹೊಂದುವುದಿಲ್ಲ. ನವೆಂಬರ್ ಕೊನೆಗೆ ತೋಡಿನ ಹರಿವು ಇಳಿದಾಗ ಮನೆಗೊಬ್ಬರಂತೆ ಬಂದು ಕಲ್ಲಿಟ್ಟು, ಸಂದಿಗೆ ಮಣ್ಣು ಮೆತ್ತಿ, ಕಾಲಲ್ಲಿ ತುಳಿದು ಕಟ್ಟ ನಿಲ್ಲಿಸುತ್ತಾರೆ. ಮರುದಿನದಿಂದ ಅತ್ತ ಹೋದವರೆಲ್ಲ ಒಮ್ಮೆ ಬಗ್ಗಿ ನೋಡುತ್ತಾರೆ. ಏಡಿ ಕೊರೆದ ತೂತಿನಿಂದ ನೀರು ಜಿನುಗುತ್ತಿದ್ದರೆ ಒಂದು ಹಿಡಿ ಮಣ್ಣು ತುರುಕಿ ಮುಂದೆ ಹೋಗುತ್ತಾರೆ. ಅದು ಯಾರ ಪಾಳಿಯೂ ಅಲ್ಲ, ಪುಸ್ತಕದಲ್ಲಿ ಬರೆದಿಡುವವರೂ ಇಲ್ಲ. ಇದಕ್ಕೆ ಏನೆನ್ನುತ್ತೀರಿ ಎಂದು ಅದೇ ಅಜ್ಜಿಯನ್ನು ಕೇಳಿದೆ. “ಏನೆನ್ನುವುದು? ನೋಡಿಕೊಳ್ಳುವುದು” ಎಂದರು.

‘ತೋಡನ್ನು ನೋಡಿಕೊಳ್ಳುವುದು’ ಎಂದೇ ಶೀರ್ಷಿಕೆ ಕೊಡಬೇಕೆಂದು ನನಗಿದೆ. ನಿಯಮಾವಳಿಗೆ ಅಷ್ಟು ಸಾದಾ ಮಾತು ತಕ್ಕುದಲ್ಲ, ಒಂದು ಗಟ್ಟಿ ನಾಮಪದ ಬೇಕು ಎಂದು ಸಮಿತಿಯ ಕಿರಿಯರ ಹಟ. ಯಾರಲ್ಲಾದರೂ ಅಂಥ ಪದವಿದ್ದರೆ ಕೊಡಿ. ಸಂಸ್ಕೃತದ್ದಾದರೂ ಅಡ್ಡಿಯಿಲ್ಲ, ಅಜ್ಜಿಗೆ ತಿಳಿದರೆ ಆಯಿತು.

ಜೊತೆಗೆ ಇನ್ನೆರಡು ಪ್ರಶ್ನೆ. ಕುಂದಾಪುರದ ಕಡೆ ‘ಬೈಲುಗದ್ದೆ’ ಎನ್ನುವುದನ್ನು ಕೇಳಿದ್ದೇನೆ. ಅಲ್ಲಿಯೂ ಬೈಲು ಎಂದರೆ ನೆರೆಕರೆಯ ಜನ ಎಂಬ ಅರ್ಥ ಉಂಟೇ? ಶೃಂಗೇರಿ, ಸಿರಸಿಯ ಕಡೆ ಈ ಪದಕ್ಕೆ ಒದ್ದೆ ಉಳಿದಿದೆಯೇ, ಅಥವಾ ಅಲ್ಲಿಗೆ ಹೋಗುವಷ್ಟರಲ್ಲಿ ಅದು ಬಟ್ಟಬಯಲಾಯಿತೇ?

ಕಟ್ಟ ಹಾಕುವ ದಿನ ಬೆಳಿಗ್ಗೆ ಇದನ್ನು ಎಲ್ಲರ ಮುಂದೆ ಓದಿ ಹೇಳಬೇಕಂತೆ. ಅದಕ್ಕೆ ಮೊದಲೇ ಉತ್ತರ ಬಂದರೆ ಉಪಕಾರ.