ಇನ್‌ಸ್ಟಾಗ್ರಾಮ್ ಇರುವಾಗ ಪಿಂಟರೆಸ್ಟ್ ಯಾಕೆ ಬೇಕು? ಬೆಂಗಳೂರಿನ ಸಣ್ಣ ವ್ಯಾಪಾರದವರ ಪ್ರಶ್ನೆಗಳು

ಪ್ರಶ್ನೆ (ಮಲ್ಲೇಶ್ವರದ ಬೂಟಿಕ್‌ನವರು): ಮೇಡಂ, ನಮ್ಮದು ಸೀರೆ, ಬ್ಲೌಸ್ ಬೂಟಿಕ್. ಆರಿ ವರ್ಕ್ ನಮ್ಮಲ್ಲೇ ಮಾಡಿಸುತ್ತೇವೆ. ಮಾರ್ಕೆಟಿಂಗ್ ಎಲ್ಲ ನನ್ನ ಮೇಲೇ ಇದೆ. ಇನ್‌ಸ್ಟಾಗ್ರಾಮ್, ವಾಟ್ಸಾಪ್ ಎರಡೂ ನಡೆಯುತ್ತಿವೆ. ಪಿಂಟರೆಸ್ಟ್ (ಫೋಟೋ, ಐಡಿಯಾ ಹುಡುಕಿ ಸೇವ್ ಮಾಡಿ ಇಡುವ ಆ್ಯಪ್) ಕೂಡ ಶುರು ಮಾಡೋಣ ಅಂದರೆ ನಮ್ಮ ಓನರ್, "ಅಲ್ಲಿ ಸುಮ್ನೆ ಫೋಟೋ ನೋಡುತ್ತಾರೆ, ತಗೊಳ್ಳುವವರು ಯಾರು?" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ನಿಮ್ಮ ಟೈಲರ್ ಮೇಜಿನ ಹತ್ತಿರ ಓನರ್ ಅವರನ್ನು ಅರ್ಧ ದಿನ ಕೂರಿಸಿ. ಅಳತೆ ಕೊಡೋಕೆ ಬಂದವರು ಫೋನ್ ತೆಗೆದು "ಬೆನ್ನಿಗೆ ಈ ಥರ ಬರಲಿ, ತೋಳಿಗೆ ಈ ಬುಟ್ಟಾ ಹಾಕಿ" ಅಂತ ಫೋಟೋ ತೋರಿಸುತ್ತಾರಲ್ವಾ? ಅದು ಎಲ್ಲಿ ಸಿಕ್ಕಿತು ಅಂತ ಕೇಳಿ. ಪಿಂಟರೆಸ್ಟ್ ಅನ್ನುವವರು ಜಾಸ್ತಿ ಇರುತ್ತಾರೆ. ಪಾಟ್ ನೆಕ್ ಬೇಕಾ, ಬೋಟ್ ನೆಕ್ ಬೇಕಾ, ಡೋರಿ ಬೇಕಾ ಅನ್ನುವುದೆಲ್ಲ ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ತೀರ್ಮಾನ ಆಗಿರುತ್ತದೆ. ಆ ತೀರ್ಮಾನ ಆಗುವ ಹೊತ್ತಿನಲ್ಲಿ ನಿಮ್ಮ ಕೆಲಸ ಅವರ ಕಣ್ಣಿಗೆ ಬೀಳುತ್ತಿಲ್ಲ. ನನ್ನ ಪ್ರಕಾರ ಪಿಂಟರೆಸ್ಟ್‌ಗೆ ಹೋಗೋಕೆ ಇದೊಂದೇ ಕಾರಣ ಸಾಕು.

ಜನ ಅಲ್ಲಿಗೆ ಗೆಳೆಯರ ಸುದ್ದಿ ನೋಡೋಕೆ ಹೋಗುವುದಿಲ್ಲ. ಮುಂದೆ ಮಾಡಬೇಕಾದ ಯಾವುದೋ ಕೆಲಸ ತಲೆಯಲ್ಲಿ ಇಟ್ಟುಕೊಂಡು ಹೋಗುತ್ತಾರೆ. ತಂಗಿಯ ಮದುವೆ, ಗೃಹಪ್ರವೇಶ, ಮಗುವಿನ ನಾಮಕರಣ, ಹೀಗೆ. ಹಿಡಿಸಿದ್ದನ್ನು ಬೋರ್ಡಿಗೆ, ಅಂದರೆ ಅಲ್ಲಿ ತಾವೇ ಮಾಡಿಕೊಂಡ ಆಲ್ಬಮ್ಮಿಗೆ, ಸೇವ್ ಮಾಡಿ ಇಡುತ್ತಾರೆ. 2010ರಲ್ಲಿ ಪಿಂಟರೆಸ್ಟ್ ಶುರು ಮಾಡಿದ ಮೂವರಲ್ಲಿ ಬೆನ್ ಸಿಲ್ಬರ್‌ಮನ್ ಒಬ್ಬರು. ಚಿಕ್ಕಂದಿನಲ್ಲಿ ಅವರಿಗೆ ಕೀಟಗಳನ್ನು ಹಿಡಿದು ಜೋಡಿಸಿ ಇಡುವ ಹುಚ್ಚಿತ್ತು. ಪಿಂಟರೆಸ್ಟ್‌ನ ಬುಡದಲ್ಲಿ ಇವತ್ತಿಗೂ ಇರುವುದು ಆ ಕೂಡಿಡುವ ಆಸೆಯೇ. ಈಗ ತಿಂಗಳಿಗೆ 50 ಕೋಟಿಗೂ ಹೆಚ್ಚು ಜನ ಅದನ್ನು ಬಳಸುತ್ತಾರೆ.

ಓನರ್ ಅವರಿಗೆ ಇನ್ನೊಂದು ಮಾತು ಹೇಳಿ. ಅಲ್ಲಿ ಜಾಸ್ತಿ ನಡೆಯುವ ಹುಡುಕಾಟಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಯಾವ ಬ್ರ್ಯಾಂಡ್ ಹೆಸರೂ ಇರುವುದಿಲ್ಲ ಅಂತ ಪಿಂಟರೆಸ್ಟ್ ಕಂಪನಿಯೇ ಹೇಳುತ್ತದೆ. ಅಂದರೆ ಹುಡುಕುವವರು ಇನ್ನೂ ಯಾರನ್ನೂ ಆರಿಸಿಕೊಂಡಿಲ್ಲ. ಹೆಸರು ಮಾಡಿರದ ಅಂಗಡಿಗೆ ಇಂಥ ಅವಕಾಶ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಪ್ರಶ್ನೆ (ಅವರೇ): ಇನ್‌ಸ್ಟಾಗೆ ಹಾಕಿದ್ದನ್ನೇ ಇಲ್ಲಿಗೂ ಹಾಕಿದರೆ ನಡೆಯುತ್ತದಾ?

ಉತ್ತರ: ಫೋಟೋ ನಡೆಯಬಹುದು, ಬರಹ ನಡೆಯುವುದಿಲ್ಲ. "ನ್ಯೂ ಅರೈವಲ್, ರೇಟಿಗೆ ಡಿಎಂ ಮಾಡಿ" ಅಂತ ಯಾರೂ ಹುಡುಕುವುದಿಲ್ಲ. ಪಿಂಟರೆಸ್ಟನ್ನು ಸರ್ಚ್ ಎಂಜಿನ್ ಅಂದುಕೊಂಡು ಬರೆಯಿರಿ.

ಒಂದು ಪಿನ್, ಅಂದರೆ ಪಿಂಟರೆಸ್ಟ್‌ಗೆ ಹಾಕುವ ಒಂದು ಪೋಸ್ಟ್, ತಗೊಳ್ಳೋಣ. ಹಸಿರು ಮೈಸೂರು ಸಿಲ್ಕ್ ಸೀರೆ, ಅದಕ್ಕೊಂದು ಮರೂನ್ ಬ್ಲೌಸ್. ಫೋಟೋ ಉದ್ದಕ್ಕೆ ಇರಲಿ, 1000ಕ್ಕೆ 1500 ಪಿಕ್ಸೆಲ್. ಕಿಟಕಿ ಪಕ್ಕ ಬೆಳಗಿನ ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟಿನಲ್ಲಿ ಮರೂನ್ ಬೇರೆಯೇ ಬಣ್ಣ ಕಾಣುತ್ತದೆ, ಆಮೇಲೆ "ಫೋಟೋದಲ್ಲಿ ಹೀಗಿರಲಿಲ್ಲ" ಅನ್ನುವ ಜಗಳ. ಬೆನ್ನಿನ ಕಡೆಯಿಂದ, ಜರ್ದೋಸಿ ಸುತ್ತು, ಮಣಿ, ನಾಟ್ ಎಲ್ಲ ಎಣಿಸುವಷ್ಟು ಹತ್ತಿರದಿಂದ ತೆಗೆಯಿರಿ. ಪಿಂಟರೆಸ್ಟ್ ಚಿತ್ರವನ್ನೇ ನೋಡಿ ಅದರಂಥದ್ದನ್ನು ಹುಡುಕಿ ಕೊಡುತ್ತದೆ. ಫೋನ್ ಕ್ಯಾಮೆರಾದಿಂದ ಹುಡುಕುವ ಲೆನ್ಸ್ 2017ರಲ್ಲೇ ಬಂದಿದೆ. ಹಾಗಾಗಿ ಮಸುಕು ಫೋಟೋ ಹಾಕಿದರೆ ನೋಡುವವರಿಗೂ ಕೆಲಸ ಕಾಣುವುದಿಲ್ಲ, ಹುಡುಕಾಟದಲ್ಲೂ ಸರಿಯಾಗಿ ಸಿಗುವುದಿಲ್ಲ, ಎರಡು ಕಡೆ ನಷ್ಟ.

ಟೈಟಲ್‌ಗೆ 100 ಅಕ್ಷರ ಸಿಗುತ್ತದೆ. "ಮೈಸೂರು ಸಿಲ್ಕ್ ಸೀರೆಗೆ ಪಾಟ್ ನೆಕ್ ಬ್ಲೌಸ್, ಆರಿ ವರ್ಕ್, ಮೊಣಕೈ ತೋಳು" ಅಂತ ನೇರವಾಗಿ ಬರೆಯಿರಿ. ಗಿರಾಕಿಗಳು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು ಜಾಸ್ತಿ. ಅದಕ್ಕೆ ಅದೇ ಮಾತು ಇಂಗ್ಲಿಷಿನಲ್ಲೂ ಇರಲಿ. ಲಿಂಕ್ ಆ ಬ್ಲೌಸಿನ ಪುಟಕ್ಕೇ ಹೋಗಬೇಕು, ವೆಬ್‌ಸೈಟಿನ ಮೊದಲ ಪುಟಕ್ಕಲ್ಲ. ಆ ಪುಟದಲ್ಲಿ ರೇಟು, ಹೊಲಿಯೋಕೆ ಎಷ್ಟು ದಿನ, ದೂರದವರು ಅಳತೆ ಹೇಗೆ ಕಳಿಸಬೇಕು, ಮೂರೂ ಇರಲಿ. ರೇಟು ಮುಚ್ಚಿಡುವುದು ನನಗೆ ಒಂಚೂರೂ ಇಷ್ಟವಾಗುವುದಿಲ್ಲ. ಬಜೆಟ್ ಲೆಕ್ಕ ಹಾಕುತ್ತಾ ಕೂತವರಿಗೆ ಅದು ಅಗೌರವ.

ಟೈಮ್ ಬಗ್ಗೆ ಎಲ್ಲರೂ ಎಡವುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಪಿನ್ ಹಾಕಿದರೆ ಹಬ್ಬ ಮುಗಿದ ಮೇಲೆ ಅದು ಓಡೋಕೆ ಶುರುವಾಗುತ್ತದೆ. ಆಷಾಢದಲ್ಲಿ ನಮ್ಮಲ್ಲಿ ಮದುವೆ ಇಲ್ಲ, ಬ್ಲೌಸ್ ಆರ್ಡರ್ ಕಡಿಮೆ, ಅದಕ್ಕೆ ಮಾರ್ಕೆಟಿಂಗ್ ಕೂಡ ನಿಲ್ಲಿಸಿಬಿಡುತ್ತಾರೆ. ಆದರೆ ಶ್ರಾವಣದ ಮುಹೂರ್ತಗಳಿಗೆ ಮನೆಯವರು ಡಿಸೈನ್ ಹುಡುಕುವುದು ಆಷಾಢದಲ್ಲೇ. ನಿಮ್ಮ ಪಿನ್‌ಗಳು ಆಗ ಅಲ್ಲಿ ಇರಬೇಕು, ಅಂದರೆ ಜ್ಯೇಷ್ಠದಲ್ಲೇ ಹಾಕಿರಬೇಕು. ಇನ್‌ಸ್ಟಾ ಪೋಸ್ಟ್ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಕೆಳಗೆ ಹೋಗಿಬಿಡುತ್ತದೆ. ಒಳ್ಳೆಯ ಪಿನ್ ಮುಂದಿನ ವರ್ಷದ ಹಬ್ಬಕ್ಕೂ ಜನರನ್ನು ಕರೆತರುತ್ತದೆ.

ಪ್ರಶ್ನೆ (ಜೆ.ಪಿ. ನಗರದ ಇಂಟೀರಿಯರ್ ಡಿಸೈನರ್): ನಮಗೆ ಪಿಂಟರೆಸ್ಟ್ ಅಂದರೆ ತಲೆನೋವು ಮೇಡಂ. ಕ್ಲೈಂಟ್ ಯಾವುದೋ ದೇಶದ ಅಡುಗೆಮನೆ ತೋರಿಸಿ ಇದೇ ಬೇಕು ಅನ್ನುತ್ತಾರೆ. ನಮ್ಮ 2 ಬಿಎಚ್‌ಕೆ ಫ್ಲಾಟಿನಲ್ಲಿ ಅದು ಹೇಗೆ ಸಾಧ್ಯ?

ಉತ್ತರ: ನಿಮ್ಮ ತಲೆನೋವೇ ನಿಮಗೆ ಸಿಕ್ಕ ಜಾಗ ಸರ್. ಆ ಫೋಟೋಗಳಲ್ಲಿ ಗ್ರೈಂಡರ್ ಇಡೋಕೆ ಕಟ್ಟೆ ಇಲ್ಲ, ಒಗ್ಗರಣೆ ಹೊಗೆಗೆ ಚಿಮಣಿ ಇಲ್ಲ, ಪಾತ್ರೆ ತೊಳೆಯೋಕೆ ಯುಟಿಲಿಟಿ ಇಲ್ಲ, ದೇವರಿಗೆ ಜಾಗ ಮೊದಲೇ ಇಲ್ಲ. ಕ್ಲೈಂಟಿಗೆ ಬೇರೆ ಏನೂ ಕಾಣದೇ ಇರುವುದಕ್ಕೆ ಅದನ್ನೇ ತರುತ್ತಾರೆ. ನೀವು ಮುಗಿಸಿದ ಮನೆಗಳನ್ನು ಹಾಕಿ. "8ಕ್ಕೆ 8 ಅಡಿ ಅಡುಗೆಮನೆ, ಬೆಂಗಳೂರು ಅಪಾರ್ಟ್‌ಮೆಂಟ್", "ಹಾಲ್‌ನಲ್ಲೇ ಸಣ್ಣ ಪೂಜಾ ಯುನಿಟ್", "ಯುಟಿಲಿಟಿಯಲ್ಲಿ ವಾಷಿಂಗ್ ಮಷಿನ್ ಮೇಲೆ ಕಪಾಟು". ಅಳತೆ ಬರೆಯಿರಿ, ಬಳಸಿದ ಪ್ಲೈವುಡ್ ಯಾವುದು ಅಂತ ಬರೆಯಿರಿ. ನಾಳೆ ಕ್ಲೈಂಟ್ ತರುವ ಫೋಟೋ ನಿಮ್ಮದೇ ಆಗಿರಬಹುದು.

ಮನೆಯವರ ಒಪ್ಪಿಗೆ ಮಾತ್ರ ಮೊದಲೇ ತಗೊಳ್ಳಿ. ಗೋಡೆ ಮೇಲಿನ ಫ್ಯಾಮಿಲಿ ಫೋಟೋ, ಬಾಗಿಲಿನ ನಂಬರ್ ಕಾಣದ ಹಾಗೆ ತೆಗೆಯಿರಿ.

ಪ್ರಶ್ನೆ (ಬೂಟಿಕ್‌ನವರು): ಡಿಸೈನ್ ಕದ್ದುಬಿಟ್ಟರೆ?

ಉತ್ತರ: ಕದಿಯುವವರು ಇನ್‌ಸ್ಟಾದಿಂದಲೂ ಕದಿಯುತ್ತಾರೆ. ಬಿಸಿನೆಸ್ ಅಕೌಂಟ್ ಫ್ರೀ. ಅದರಲ್ಲಿ ನಿಮ್ಮ ವೆಬ್‌ಸೈಟ್ ಕ್ಲೇಮ್ ಮಾಡಿ, ಅಂದರೆ ಅದು ನಿಮ್ಮದೇ ಅಂತ ಪಿಂಟರೆಸ್ಟ್‌ಗೆ ಖಾತ್ರಿ ಮಾಡಿಸಿ. ಆಗ ನಿಮ್ಮ ಸೈಟಿನಿಂದ ಬೇರೆಯವರು ಸೇವ್ ಮಾಡಿದ ಚಿತ್ರಕ್ಕೂ ನಿಮ್ಮ ಹೆಸರು ಅಂಟಿರುತ್ತದೆ. ಫೋಟೋದ ಮೂಲೆಯಲ್ಲಿ ಅಂಗಡಿ ಹೆಸರು ಚಿಕ್ಕದಾಗಿ ಇರಲಿ. ನೀವೂ ಬೇರೆಯವರ ಫೋಟೋ ಎತ್ತಿ ಹಾಕಬೇಡಿ. ಈ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಪ್ರಶ್ನೆ (ಚನ್ನಪಟ್ಟಣದ ಗೊಂಬೆ ಮಾರುವ ಆನ್‌ಲೈನ್ ಅಂಗಡಿ, ರಾಜಾಜಿನಗರ): ನಮ್ಮ ಬಾಸ್ ಪ್ರತಿ ತಿಂಗಳು ರಿಪೋರ್ಟ್ ಕೇಳುತ್ತಾರೆ. ಯಾವ ನಂಬರ್ ತೋರಿಸಲಿ?

ಉತ್ತರ: ಎಷ್ಟು ಜನರ ಕಣ್ಣಿಗೆ ಬಿತ್ತು ಅನ್ನುವ ಇಂಪ್ರೆಷನ್ ನಂಬರ್ ದೊಡ್ಡದಾಗಿ ಕಾಣುತ್ತದೆ, ಅದರಿಂದ ಹೊಟ್ಟೆ ತುಂಬುವುದಿಲ್ಲ. ಸೇವ್ ನೋಡಿ, ನಿಮ್ಮ ಸೈಟಿಗೆ ಬಂದ ಔಟ್‌ಬೌಂಡ್ ಕ್ಲಿಕ್ ನೋಡಿ. ಸೇವ್ ಅಂದರೆ "ಇದು ನನಗೆ ಮುಂದೆ ಬೇಕಾಗಬಹುದು" ಅಂತ ಒಬ್ಬರು ಎತ್ತಿಟ್ಟುಕೊಂಡಿದ್ದು. ಯಾವ ಗೊಂಬೆಗೆ ಸೇವ್ ಜಾಸ್ತಿ ಬರುತ್ತಿದೆಯೋ ಅದರ ಸ್ಟಾಕ್ ಮೊದಲು ನೋಡಿಕೊಳ್ಳಿ. ಸ್ಟಾಕ್ ಇಲ್ಲದ ಪುಟಕ್ಕೆ ಜನರನ್ನು ಕರೆಸಿ ವಾಪಸ್ ಕಳಿಸಬೇಡಿ. ಬಾಸ್ ಹತ್ತಿರ ಕೆಲವು ತಿಂಗಳ ಟೈಮ್ ಮೊದಲೇ ಕೇಳಿಕೊಳ್ಳಿ. ಮೊದಲ ತಿಂಗಳ ನಂಬರ್ ನೋಡಿ ನಿಲ್ಲಿಸಿದರೆ ಹಾಕಿದ ಶ್ರಮ ಹೋಯಿತು.

ನಿಮ್ಮ ಹತ್ತಿರ ಇರುವ ವಸ್ತು ಬಹಳ ಚೆಂದದ್ದು. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರಲ್ಲ, ಆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದನ್ನು ಸಣ್ಣ ವಿಡಿಯೋ ಮಾಡಿ ಹಾಕಿ. ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಅನ್ನುವ ಸರ್ಕಾರದ ಗುರುತು) ಇದೆ ಅಂತ ಬರೆಯಿರಿ. ಮಕ್ಕಳ ರೂಮು ಜೋಡಿಸುವ ತಾಯಂದಿರು ಎಲ್ಲ ದೇಶದಲ್ಲೂ ಮರದ ಆಟಿಕೆ ಹುಡುಕುತ್ತಾರೆ.

ಪ್ರಶ್ನೆ (ಹನುಮಂತನಗರ, ಮನೆಯಿಂದ ಊಟದ ಡಬ್ಬಿ ಕಳಿಸುವವರು): ನಾನೂ ಶುರು ಮಾಡಲಾ ಅಕ್ಕ?

ಉತ್ತರ: ಡಬ್ಬಿಗೆ ಬೇಡಮ್ಮ. ನಿಮ್ಮ ಗಿರಾಕಿ ನಾಲ್ಕು ರಸ್ತೆ ಒಳಗೆ ಇದ್ದಾರೆ, ಪಿನ್ ಎಲ್ಲೆಲ್ಲಿಗೋ ಹೋಗುತ್ತದೆ. ಆ ಟೈಮನ್ನು ಗೂಗಲ್ ಮ್ಯಾಪ್ಸ್ ಲಿಸ್ಟಿಂಗ್‌ಗೆ, ವಾಟ್ಸಾಪ್ ಕ್ಯಾಟಲಾಗ್‌ಗೆ ಕೊಡಿ. ಚಕ್ಕುಲಿ, ಕೋಡುಬಳೆ, ಎಳ್ಳು ಬೆಲ್ಲ ಕೊರಿಯರ್‌ನಲ್ಲಿ ಕಳಿಸುವ ಯೋಚನೆ ಇದ್ದರೆ ಹೇಳಿ. ಸಂಕ್ರಾಂತಿಯ ಪಿನ್‌ಗಳನ್ನು ನವೆಂಬರ್‌ನಲ್ಲಿ ಒಟ್ಟಿಗೆ ಕೂತು ಮಾಡೋಣ.